ಚಿಕ್ಕಮ್ಮನ ಬೋರ್‌ವೆಲ್ಲು, ದೇವನಗೊಂದಿಯ ಟ್ಯಾಂಕುಗಳು

ಚಿಕ್ಕಪ್ಪ ಡ್ಯೂಟಿ ಮುಗಿಸಿ ಬಂದ್ರೆ ಸೀದಾ ಹುಳುಮನೆಗೆ ಹೋಗೋ ಹಾಗಿಲ್ಲ, ಇದು ಚಿಕ್ಕಮ್ಮನ ಕಟ್ಟಪ್ಪಣೆ. ಬಚ್ಚಲ ಪಕ್ಕ ಒಂದು ನೀಲಿ ಬಕೆಟ್ ಬೇರೆ ಇಟ್ಟಿದಾರೆ, ಹಾಕ್ಕೊಂಡಿರೋ ಷರ್ಟು ಪ್ಯಾಂಟು ಅದಕ್ಕೇ ಹಾಕ್ಬೇಕು, ತಲೆಗೆ ನೀರು ಹುಯ್ಕೊಂಡು, ಮೈಗೆ ಎರಡು ಸಲ ಸೋಪು ಹಚ್ಚಿ, ಒಗೆದ ಲುಂಗಿ ಉಟ್ಕೊಂಡ ಮೇಲೇನೇ ಆ ಬಾಗಿಲು ದಾಟಬೇಕು. ರೇಷ್ಮೆ ಸಾಕಿದೋರಿಗೆ ಇದು ಹೊಸದಲ್ಲ, ಹುಳಕ್ಕೆ ವಾಸನೆ ಆಗಲ್ಲ, ಅಲ್ಲಿ ಊದುಬತ್ತಿ ಹಚ್ಚಲ್ಲ, ಸೆಂಟು ಹಾಕ್ಕೊಂಡು ಬಂದ ನೆಂಟ್ರನ್ನ ಜಗಲಿ ಮೇಲೇ ಕೂರಿಸಿ ಕಾಫಿ ಕೊಡ್ತಾರೆ. ಚಿಕ್ಕಪ್ಪ ಪೆಟ್ರೋಲ್ ಟ್ಯಾಂಕರ್ ಓಡಿಸೋಕೆ ಶುರು ಮಾಡಿ ಹದಿನೆಂಟು ವರ್ಷ ಆಯ್ತು. ಹೋದ ಸಲ ನಾನು ಊರಿಗೆ ಹೋದಾಗ ಹುಳ ನಾಲ್ಕನೇ ಜ್ವರ ಎದ್ದಿತ್ತು (ಪೊರೆ ಬಿಡೋಕೆ ಮುಂಚೆ ತಿನ್ನೋದು ನಿಲ್ಲಿಸಿ ಮಲಗೋದಕ್ಕೆ ಜ್ವರ ಅಂತಾರೆ), ಸೊಪ್ಪು ತಿನ್ನೋ ಸದ್ದು ಹೊರಗಡೆಗೂ ಸಣ್ಣ ಮಳೆ ಥರ ಕೇಳ್ತಿತ್ತು, ಚಿಕ್ಕಪ್ಪ ಬಂದ್ರು, "ನಂಗೇನೂ ವಾಸ್ನೆ ಬರ್ತಿಲ್ಲ ಕಣೇ" ಅಂದ್ರು. ಚಿಕ್ಕಮ್ಮ ಸೊಪ್ಪು ಹಾಕೋ ಕೈ ನಿಲ್ಲಿಸದೇನೇ "ನಿಮ್ಗೆ ಅಭ್ಯಾಸ ಆಗೋಗಿದೆ, ಹುಳಕ್ಕೆ ಆಗಿಲ್ಲ" ಅಂದ್ರು.

ಆ ಮಾತು ಅವತ್ತಿಂದ ನನ್ನ ಬಿಟ್ಟಿಲ್ಲ. ಯಾಕಂದ್ರೆ ಅಭ್ಯಾಸ ಆಗಿರೋದು ಚಿಕ್ಕಪ್ಪಂಗೆ ಮಾತ್ರ ಅಲ್ಲ, ನಮ್ಮ ಇಡೀ ಸೀಮೆಗೆ.

ನಮ್ಮೂರು ಹೊಸಕೋಟೆ ತಾಲ್ಲೂಕು, ಪೆಟ್ರೋಲ್ ಡೀಸೆಲ್ ತುಂಬಿಡೋ ದೇವನಗೊಂದಿ ಟರ್ಮಿನಲ್‌ಗಳ ಹತ್ತಿರದ ಒಂದು ಹಳ್ಳಿ. ವೈಟ್‌ಫೀಲ್ಡ್ ದಾಟಿ ಮಾಲೂರು ಕಡೆ ಹೋಗೋ ರೈಲಲ್ಲಿ ಕೂತ್ರೆ ದೇವನಗೊಂದಿ ಸ್ಟೇಷನ್ ಸಿಗುತ್ತೆ, ಸುತ್ತ ರಾಗಿ ಹೊಲ, ನೀಲಗಿರಿ ತೋಪು, ಅದರ ನಡುವೆ ದೊಡ್ಡ ದೊಡ್ಡ ಬಿಳೀ ಟ್ಯಾಂಕುಗಳು. ಹುಡುಗರಾಗಿದ್ದಾಗ ಅವು ನಮಗೆ ಗುರುತು, ದನ ಎಲ್ಲಿ ಮೇಯ್ತಿದಾವೆ ಅಂದ್ರೆ "ಟ್ಯಾಂಕ್ ಕಡೆ" ಅಂತಿದ್ವಿ. ಬೆಳಗಿನ ಜಾವ ನಾಲ್ಕಕ್ಕೆಲ್ಲ ರಸ್ತೆ ಪಕ್ಕ ಖಾಲಿ ಟ್ಯಾಂಕರ್ ಸಾಲು ನಿಂತಿರುತ್ತೆ, ಡ್ರೈವರ್‌ಗಳು ಬಾಯಲ್ಲಿ ಬ್ರಷ್ ಇಟ್ಕೊಂಡು ಓಡಾಡ್ತಿರ್ತಾರೆ, ಟೀ ಅಂಗಡೀಲಿ ಬನ್ನು ಬಿಸ್ಕೆಟ್ಟು ಆರು ಗಂಟೆಗೆಲ್ಲ ಖಾಲಿ.

ಬೆಂಗಳೂರಲ್ಲಿ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಅಂತೀವಲ್ಲ, ಅದರಲ್ಲಿ ಎಷ್ಟೋ ಪಾಲು ಹೋಗೋದು ಇಲ್ಲಿಂದ. ಮಂಗಳೂರಿಂದ ಹಾಸನ ದಾಟಿ ಇಲ್ಲೀವರೆಗೂ ನೆಲದೊಳಗೆ ಪೈಪ್ ಬಂದಿದೆ, 360 ಕಿಲೋಮೀಟರ್‌ಗೂ ಮೇಲೆ, 2003ರಲ್ಲಿ ಶುರು ಆಗಿದ್ದು, ಪಶ್ಚಿಮ ಘಟ್ಟ ಹತ್ತಿ ಇಳಿದು ಬರುತ್ತೆ. ಒಂದೇ ಪೈಪಲ್ಲಿ ಒಂದಾದ ಮೇಲೊಂದು ಪೆಟ್ರೋಲು ಡೀಸೆಲ್ಲು ತಳ್ತಾರೆ, ಎರಡೂ ಸೇರೋ ಜಾಗದಲ್ಲಿ ಸ್ವಲ್ಪ ಮಿಕ್ಸ್ ಆಗಿರುತ್ತಲ್ಲ, ಅದನ್ನ ಬೇರೆ ಟ್ಯಾಂಕಿಗೆ ತಿರುಗಿಸ್ತಾರೆ. ಪೆಟ್ರೋಲ್ ಟ್ಯಾಂಕಲ್ಲಿ ತೇಲೋ ಛಾವಣಿ ಇರುತ್ತೆ, ಪೆಟ್ರೋಲ್ ಏರಿದ ಹಾಗೆ ಅದೂ ಏರುತ್ತೆ ಇಳಿದ ಹಾಗೆ ಇಳಿಯುತ್ತೆ, ಮಧ್ಯೆ ಆವಿ ತುಂಬ್ಕೊಳ್ಳೋಕೆ ಜಾಗ ಸಿಗಬಾರದು ಅಂತ. ಇದನ್ನೆಲ್ಲ ನೋಡಿದ್ರೆ ಎಷ್ಟು ತಲೆ ಓಡಿಸಿ ಕಟ್ಟಿದಾರೆ ಅಂತ ನಿಜವಾಗ್ಲೂ ಗೌರವ ಬರುತ್ತೆ, ಮತ್ತೆ ನಮ್ಮ ಮನೆ ಅನ್ನವೂ ಅಲ್ಲಿಂದಾನೇ ಬಂದಿರೋದು, ಚಿಕ್ಕಪ್ಪನ ಇಬ್ಬರು ಮಕ್ಕಳು ಓದಿದ್ದು ಆ ಟ್ಯಾಂಕರ್ ದುಡ್ಡಲ್ಲೇ. ಆದ್ದರಿಂದ ಇದನ್ನ ಮುಚ್ಚಿಸಿ ಅಂತ ಕೂಗೋಕೆ ನಾನು ಬರೀತಿಲ್ಲ. ಇಲ್ಲಿ ಏನೋ ಸೋರಿದೆ ಅಂತಾನೂ ಹೇಳ್ತಿಲ್ಲ. ನನ್ನ ಸಂಕಟಾನೇ ಬೇರೆ.

ಊರಲ್ಲಿ ಯಾರನ್ನ ಕೇಳಿದ್ರೂ ಭಯ ಅಂದ್ರೆ ಬೆಂಕಿ. ಒಂದು ಸಲ ಹೊತ್ಕೊಂಡ್ರೆ ಹೊಸಕೋಟೇನೇ ಇರಲ್ಲ ಅಂತ ಟೀ ಅಂಗಡೀಲಿ ಕೂತು ಮಾತಾಡ್ತಾರೆ. ಆ ಭಯಕ್ಕೆ ಕಾರಣ ಇಲ್ಲದೇ ಇಲ್ಲ. ಜೈಪುರದ ಸೀತಾಪುರದ ಎಣ್ಣೆ ಟರ್ಮಿನಲ್ಲಲ್ಲಿ 2009ರ ಅಕ್ಟೋಬರ್ 29ರ ಸಂಜೆ ಆಗಿದ್ದು ಅದೇ. ಒಂದು ಟ್ಯಾಂಕಿಂದ ಪಕ್ಕದ ಟರ್ಮಿನಲ್ಲಿಗೆ ಪೆಟ್ರೋಲ್ ಕಳಿಸೋಕೆ ಲೈನ್ ರೆಡಿ ಮಾಡ್ತಿದ್ರು, ಪೈಪಲ್ಲಿ ಹ್ಯಾಮರ್ ಬ್ಲೈಂಡ್ ಅಂತ ಒಂದು ತಡೆ ಇರುತ್ತೆ, ಅದು ತೆರೆದಿದ್ದಾಗಲೇ ಟ್ಯಾಂಕಿನ ವಾಲ್ವೂ ತೆರ್ಕೊಂಡಿತ್ತು, ಪೆಟ್ರೋಲ್ ಕಾರಂಜಿ ಥರ ಚಿಮ್ಮಿತು. ಹತ್ತಿರ ಇದ್ದೋರು ಆವಿಗೇ ಉಸಿರು ಕಟ್ಟಿ ಬಿದ್ರು, ಆಚೆಯಿಂದ ವಾಲ್ವ್ ಮುಚ್ಚೋಕೆ ಕಂಟ್ರೋಲ್ ರೂಮಿನ ಬಟನ್ ಕೆಲಸ ಮಾಡ್ತಿರಲಿಲ್ಲ, ಒಂದು ಗಂಟೆಗೂ ಮೀರಿ ಸುರೀತಾನೇ ಇತ್ತು. ಏಳೂವರೆ ಹೊತ್ತಿಗೆ ಸ್ಫೋಟ. 11 ಜನ ಹೋದ್ರು, ಬೆಂಕಿ ಆರೋಕೆ 11 ದಿನ ಬೇಕಾಯ್ತು, ಆರಿಸೋಕೆ ಆಗಲ್ಲ ಉರಿದು ಮುಗೀಲಿ ಅಂತ ಬಿಟ್ಟುಬಿಟ್ಟಿದ್ರು. ಆಮೇಲೆ ಎಂ.ಬಿ. ಲಾಲ್ ಸಮಿತಿ ಕೂತು ಒಂದೊಂದೇ ತಪ್ಪು ಬರೆದಿಟ್ಟಿತು, ದೇಶದ ಟರ್ಮಿನಲ್‌ಗಳ ರೂಲ್ಸ್ ಬಿಗಿ ಆಗಿದ್ದು ಅದಾದ ಮೇಲೇನೇ.

ಆ ವರದೀಲಿ ಒಂದು ಸಣ್ಣ ವಿಷಯ ಇದೆ, ನನ್ನ ಕಣ್ಣು ಅಲ್ಲೇ ನಿಂತಿತು. ಟ್ಯಾಂಕಿನ ಸುತ್ತ ಕಟ್ಟೆ ಕಟ್ಟಿರ್ತಾರೆ, ಡೈಕ್ ಅಂತಾರೆ. ಅತಿ ದೊಡ್ಡ ಟ್ಯಾಂಕು ಪೂರ್ತಿ ಒಡೆದು ಹೋದ್ರೂ ಅಷ್ಟೂ ಎಣ್ಣೆ ಒಳಗೇ ನಿಲ್ಲಬೇಕು, ಮೇಲೊಂದಿಷ್ಟು ಜಾಗ ಉಳೀಬೇಕು, ಆ ಲೆಕ್ಕದಲ್ಲಿ ಕಟ್ಟೆ ಎತ್ತರ. ಜೈಪುರದಲ್ಲಿ ಆ ಕಟ್ಟೆಯ ನೀರು ಬಿಡೋ ವಾಲ್ವ್ ತೆರೆದಿತ್ತು, ಪೆಟ್ರೋಲ್ ಮಳೆ ನೀರಿನ ಚರಂಡಿಗೆ ಹರೀತು.

ಇದನ್ನ ಚಿಕ್ಕಪ್ಪಂಗೆ ಓದಿ ಹೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. "ನೋಡಪ್ಪಾ, ಕಟ್ಟೆ ಒಳಗೆ ಮಳೆ ನೀರು ನಿಲ್ಲುತ್ತೆ, ಅದನ್ನ ಬಿಡ್ಲೇಬೇಕು. ಬಿಡೋಕೆ ವಾಲ್ವ್ ತೆಗೀತಾರೆ. ನೀರೆಲ್ಲ ಹೋದ್ಮೇಲೆ ಮುಚ್ಬೇಕು. ಮುಚ್ಚೋದು ಮನುಷ್ಯಾನೇ ತಾನೇ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಲೋಡ್ ಮಾಡ್ಬೇಕಾದ್ರೂ ಅಷ್ಟೇ, ಎಣ್ಣೆ ತುಂಬೋ ಗ್ಯಾಂಟ್ರಿ ಕೆಳಗೆ ಗಾಡಿ ನಿಲ್ಲಿಸಿ ಮೊದಲು ಕಿಡಿ ಹಾರದ ಹಾಗೆ ಅರ್ಥಿಂಗ್ ವೈರ್ ಕಚ್ಚಿಸ್ಬೇಕು, ಸಾವಿರ ಸಲ ಕಚ್ಚಿಸಿರ್ತೀವಿ, ಸಾವಿರದ ಒಂದನೇ ಸಲ ಅವಸರದಲ್ಲಿ ಮರ್ತೆ ಅಂದ್ರೆ?" ಅಂದ್ರು. ಈ ಮಾತಾಡ್ಬೇಕಾದ್ರೆ ಅವರ ಬಲಗೈ ತನ್ನಷ್ಟಕ್ಕೆ ತಾನೇ ಕ್ಲಿಪ್ ಒತ್ತಿ ಹಿಡಿಯೋ ಹಾಗೆ ಮಡಚ್ಕೊಂಡಿತ್ತು.

ಬೆಂಕಿ ಆದ್ರೆ ಎಲ್ಲರಿಗೂ ಕಾಣುತ್ತೆ. ಟಿವಿ ಬರುತ್ತೆ, ಮಂತ್ರಿ ಬರ್ತಾರೆ, ಸಮಿತಿ ಕೂರುತ್ತೆ. ನೆಲಕ್ಕೆ ಇಳಿದ ಪೆಟ್ರೋಲ್ ಹಾಗಲ್ಲ. ಟ್ಯಾಂಕಿನ ತಳದಲ್ಲಿ ಕಣ್ಣಿಗೆ ಕಾಣದ ತುಕ್ಕಿನ ತೂತಿಂದ, ಭೂಮಿ ಒಳಗಿನ ಪೈಪಿನ ಜಾಯಿಂಟಿಂದ, ದಿನಕ್ಕೆ ಒಂದು ಲೋಟದಷ್ಟು ಇಳಿದ್ರೂ ಲಕ್ಷಾಂತರ ಲೀಟರ್ ಲೆಕ್ಕದಲ್ಲಿ ಅದು ಕಾಣೋದೇ ಇಲ್ಲ, ಬಿಸಿಲಿಗೆ ಆವಿ ಆಗಿದ್ದರ ಜೊತೆ ಸೇರಿಹೋಗುತ್ತೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಏನಾಯ್ತು ಅಂತ ನೆನಪಿರಬಹುದು, 2013ರಲ್ಲಿ ಅಲ್ಲಿಯ ಮನೆಗಳ ಬೋರ್‌ವೆಲ್ಲಲ್ಲಿ ನೀರಿನ ಜೊತೆ ಎಣ್ಣೆ ಬಂತು, ಬೆಂಕಿ ಕಡ್ಡಿ ಗೀರಿದ್ರೆ ಹೊತ್ಕೊಳ್ತಿತ್ತು, ಬಂದರಿಂದ ಡಿಪೋಗೆ ಹೋಗೋ ಪೈಪ್ ನೆಲದೊಳಗೆ ಸೋರಿತ್ತು. ಸೋರೋದು ಶುರುವಾದ ದಿನ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನೀರು ಸೇದಿದೋರಿಗೆ ಗೊತ್ತಾಯ್ತು.

ಹೊತ್ಕೊಳ್ಳೋಷ್ಟು ಬಂದ್ರೆ ಹೇಗೋ ಗೊತ್ತಾಗುತ್ತೆ ಬಿಡಿ, ಅಷ್ಟು ಬರದೇ ಇದ್ದಾಗಲೇ ಕಷ್ಟ. ಪೆಟ್ರೋಲಲ್ಲಿ ಬೆಂಜೀನ್ ಅಂತ ಒಂದಿದೆ, ರಕ್ತದ ಕ್ಯಾನ್ಸರ್ ತರೋ ವಸ್ತು ಅಂತ ಸಾಬೀತಾಗಿರೋದು. ನಮ್ಮ ದೇಶದ ಈಗಿನ ಬಿಎಸ್-6 ಪೆಟ್ರೋಲಲ್ಲಿ ಅದು ನೂರಕ್ಕೆ 1 ಭಾಗದವರೆಗೆ ಇರಬಹುದು. ಕುಡಿಯೋ ನೀರಲ್ಲಿ ಎಷ್ಟಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಲೀಟರ್‌ಗೆ 10 ಮೈಕ್ರೋಗ್ರಾಂ. ಒಂದು ರಾತ್ರಿ ಕೂತು ಲೆಕ್ಕ ಹಾಕ್ದೆ. ಒಂದು ಲೀಟರ್ ಪೆಟ್ರೋಲಲ್ಲಿ 10 ಮಿಲಿಲೀಟರ್ ಬೆಂಜೀನ್ ಅಂದ್ರೆ ಸುಮಾರು 8.8 ಗ್ರಾಂ. ಅದಷ್ಟೂ ನೀರಿಗೆ ಸೇರಿತು ಅಂತ ಇಟ್ಕೊಂಡ್ರೆ ಎಂಟು ಲಕ್ಷ ಎಂಬತ್ತು ಸಾವಿರ ಲೀಟರ್ ನೀರು ಆ ಮಿತಿ ಮುಟ್ಟುತ್ತೆ. ನಮ್ಮೂರಿಗೆ ಬೇಸಿಗೇಲಿ ನೀರು ತರೋ ಟ್ಯಾಂಕರ್ 6 ಸಾವಿರ ಲೀಟರಿಂದು, ಅಂದ್ರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 147 ಟ್ಯಾಂಕರ್ ನೀರು. ಬಕೆಟಲ್ಲಿ ಹಿಡಿದು ನೋಡಿದ್ರೆ ಆ ನೀರು ತಿಳಿಯಾಗಿರುತ್ತೆ. ಬೆಂಜೀನ್ ಅಷ್ಟು ಕಮ್ಮಿ ಇದ್ರೆ ಅದರ ವಾಸನೇನೂ ಇರಲ್ಲ, ರುಚೀನೂ ಗೊತ್ತಾಗಲ್ಲ.

ನಮ್ಮ ಕಡೆ ನೆಲ ಎಂಥದ್ದು ಅಂತ ಬೋರ್ ಕೊರೆಸಿದ ಯಾವ ರೈತನ್ನ ಕೇಳಿದ್ರೂ ಹೇಳ್ತಾನೆ. ಮೇಲೆ ಕೆಂಪು ಮಣ್ಣು, ಆಮೇಲೆ ಕೊಳೆತ ಕಲ್ಲು, ಅಲ್ಲೀವರೆಗೂ ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸ್ತಾರೆ, ಕೆಳಗೆ ಬರೀ ಗಟ್ಟಿ ಬಂಡೆ. ನೀರು ಇರೋದು ಬಂಡೆಯ ಬಿರುಕಲ್ಲಿ. ಮರಳು ನೆಲ ಆದ್ರೆ ಎಣ್ಣೆ ಯಾವ ಕಡೆ ಹೋಯ್ತು ಅಂತ ಅಂದಾಜು ಮಾಡಬಹುದು, ಬಿರುಕಲ್ಲಿ ಇಳಿದಿದ್ದು ಯಾವ ಬಿರುಕು ಹಿಡಿದು ಎಲ್ಲಿ ಹೋಗುತ್ತೋ, ಪಕ್ಕದ ಬೋರಿಗೆ ಬರದೇ ಮೂರು ಹೊಲದಾಚೆ ಬರಬಹುದು. ಮತ್ತೆ ಒಳಗೆ ಹೋದ ಮೇಲೆ ತೆಗೆಯೋದು ಹೇಳಿದಷ್ಟು ಸುಲಭ ಅಲ್ಲ. ಇದಕ್ಕೆ ಸೇರಿ ಇನ್ನೊಂದಿದೆ, ಯಾರೂ ಗಮನಿಸದೇ ಇರೋದು, ಬತ್ತಿದ ಬೋರ್‌ವೆಲ್‌ಗಳು. ನಮ್ಮೂರಲ್ಲಿ ಒಂದೊಂದು ಹೊಲಕ್ಕೆ ಮೂರು ನಾಲ್ಕು ಇದಾವೆ, ಸಾವಿರ ಅಡಿ ದಾಟಿದಾವೆ, ನೀರು ಬರಲಿಲ್ಲ ಅಂತ ಬಿಟ್ಟಿದಾರೆ, ಬಾಯಿಗೆ ಒಂದು ಕಲ್ಲೋ ಹರಿದ ಗೋಣಿ ಚೀಲಾನೋ. ಮಗು ಬಿದ್ದಾಗ ಮಾತ್ರ ನಮಗೆ ಅದು ನೆನಪಾಗೋದು. ಆದ್ರೆ ಮೇಲೆ ಹರಿಯೋ ಏನೇ ಇರಲಿ, ಮಣ್ಣಿನ ಸೋಸಾಟ ಒಂಚೂರೂ ಇಲ್ಲದೇ ನೇರ ಪಾತಾಳಕ್ಕೆ ಇಳಿಸೋ ಪೈಪು ಅದು. ಚಿಕ್ಕಪ್ಪನ ಹೊಲದ ಬೇಲಿ ಪಕ್ಕದ್ದಕ್ಕೆ ಮೊನ್ನೆ ವೆಲ್ಡಿಂಗ್ ಅಂಗಡಿಯಿಂದ ಮುಚ್ಚಳ ಮಾಡಿಸಿ ಹಾಕಿಸಿದ್ವಿ, ಉಳಿದವರಿಗೂ ಹೇಳ್ತಾ ಇದೀವಿ.

ಎಥೆನಾಲ್ ಬಗ್ಗೆ ಒಂದು ಮಾತು. ಈಗ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಸೇರ್ತಿದೆ, ಟರ್ಮಿನಲ್‌ಗಳಲ್ಲಿ ಅದಕ್ಕೆ ಬೇರೆ ಟ್ಯಾಂಕು. ಎಥೆನಾಲ್ ತಾನಾಗಿ ನೆಲದಲ್ಲಿ ಬೇಗ ಕೊಳೆತು ಹೋಗುತ್ತೆ, ಆದ್ರೆ ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಮೊದಲು ಅದನ್ನೇ ತಿಂತಾವೆ, ಅಲ್ಲಿದ್ದ ಆಮ್ಲಜನಕಾನೂ ಖಾಲಿ ಮಾಡ್ತಾವೆ, ಬೆಂಜೀನ್ ಕೊಳೆಯೋ ಸರದಿ ಹಿಂದೆ ಬೀಳುತ್ತೆ, ಅದು ಇನ್ನೂ ದೂರ ಹೋಗುತ್ತೆ.

ಬೆಂಕಿ ಬಿದ್ದು ಆರಿದ ಮೇಲೂ ನೀರಿನ ಕಥೆ ಮುಗಿಯಲ್ಲ ಅನ್ನೋದಕ್ಕೆ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಎಣ್ಣೆ ಡಿಪೋ ನೋಡಬೇಕು. 2005ರ ಡಿಸೆಂಬರ್ 11, ಭಾನುವಾರ ಬೆಳಿಗ್ಗೆ ಆರು ಗಂಟೆ. ಟ್ಯಾಂಕ್ ತುಂಬ್ತಾ ಇದೆ, ಮಟ್ಟ ತೋರಿಸೋ ಗೇಜು ರಾತ್ರಿ ಮೂರಕ್ಕೇ ಒಂದೇ ಕಡೆ ನಿಂತುಬಿಟ್ಟಿದೆ, ತುಂಬಿದ್ರೆ ತಾನಾಗಿ ನಿಲ್ಲಿಸಬೇಕಾದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಎರಡೂವರೆ ಲಕ್ಷ ಲೀಟರ್‌ಗೂ ಹೆಚ್ಚು ಪೆಟ್ರೋಲ್ ಮೇಲಿಂದ ಸುರಿದು ಮಂಜಿನ ಹಾಗೆ ಹರಡ್ತು. ಭಾನುವಾರ ಆಗಿದ್ದಕ್ಕೆ ಪ್ರಾಣ ಉಳೀತು, 43 ಜನಕ್ಕೆ ಗಾಯ, ಯಾರೂ ಸಾಯಲಿಲ್ಲ. ಆರಿಸೋಕೆ ಸುರಿದ ನೀರು ಮತ್ತೆ ನೊರೆ ಇದೆಯಲ್ಲ, ಆ ನೊರೆಯಲ್ಲಿದ್ದ ಪಿಎಫ್‌ಒಎಸ್ ಅನ್ನೋ ರಾಸಾಯನಿಕ ಕೆಳಗಿನ ಸುಣ್ಣಕಲ್ಲಿನ ಅಂತರ್ಜಲಕ್ಕೆ ಇಳೀತು, ಅದು ಪ್ರಕೃತಿಯಲ್ಲಿ ಕೊಳೆತು ಹೋಗೋ ಜಾತಿ ಅಲ್ಲ. ನಮ್ಮಲ್ಲಿ ಟರ್ಮಿನಲ್‌ಗಳು ನಾಲ್ಕು ಗಂಟೆ ಹೊಡೆಯೋಷ್ಟು ನೀರು ಯಾವಾಗ್ಲೂ ಇಟ್ಟಿರಬೇಕು ಅಂತ ನಿಯಮ ಇದೆ, ಅದು ಬೇಕೇ ಬೇಕು. ಹೊಡೆದ ಆ ನೀರು ಆಮೇಲೆ ಯಾವ ಹಳ್ಳಕ್ಕೆ, ಯಾವ ಕೆರೆಗೆ ಹೋಗುತ್ತೆ ಅನ್ನೋ ನಕ್ಷೆ ಕೂಡ ಊರಿನವರ ಹತ್ರ ಇರಬೇಕು ಅಂತ ನಾನು ಕೇಳ್ತೀನಿ. ಯಾಕಂದ್ರೆ ಇಳಿಜಾರಿಗೆ ಇರೋದು ನಮ್ಮ ಕೆರೆ, ಕೆರೆ ಹಿಂದೆ ಬೋರ್‌ವೆಲ್ಲು.

ಭೋಪಾಲ್ ಆದ ಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಅವಘಡ ಆದ್ರೆ ಸುತ್ತಲಿನ ಜನ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ತಿಳಿಸಿರಬೇಕು ಅಂತ ಅದರಲ್ಲಿದೆ. ನಾನು ಚಿಕ್ಕೋನಿದ್ದಾಗ ಒಂದು ಸಲ ಮಾಕ್ ಡ್ರಿಲ್ ನೋಡಿದ್ದೆ, ಸೈರನ್ ಕೂಗ್ತು, ಕೆಂಪು ಲಾರಿ ಬಂತು, ನೀರು ಆಕಾಶಕ್ಕೆ ಹಾರ್ತು, ನಾವು ಹುಡುಗರು ಬೇಲಿ ಹಿಡ್ಕೊಂಡು ಚಪ್ಪಾಳೆ ಹೊಡೆದ್ವಿ. ನೀರು ಕೆಟ್ಟರೆ ಊರಿಗೆ ಹೇಳೋಕೆ ಯಾವ ಸೈರನ್ನೂ ಇಲ್ಲ.

ಅದಕ್ಕೇ ಈ ಸಲ ಊರಿಗೆ ಹೋದಾಗ ಪಂಚಾಯ್ತಿ ಆಫೀಸಿಗೆ ಹೋಗಿ ನಮ್ಮೂರ ನೀರಿನ ರಿಪೋರ್ಟ್ ಕೇಳ್ದೆ. ಅಲ್ಲಿದ್ದೋರು ಒಳ್ಳೆಯವರು, ಕೂರಿಸಿ ತೋರಿಸಿದ್ರು. ಜಲಜೀವನ್ ಮಿಷನ್‌ದು ಕಿಟ್ ಇದೆ, ಊರಿನ ಹೆಣ್ಣುಮಕ್ಕಳಿಗೇ ಟ್ರೈನಿಂಗ್ ಕೊಟ್ಟಿದಾರೆ, ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ಹಾಕಿ ಬಣ್ಣ ನೋಡ್ತಾರೆ. ಫ್ಲೋರೈಡು, ನೈಟ್ರೇಟು, ಗಡಸುತನ, ಕ್ಲೋರೈಡು, ಕಬ್ಬಿಣ, ಪಿಎಚ್ಚು. ಬಯಲುಸೀಮೆಗೆ ಫ್ಲೋರೈಡ್ ನೋಡೋದು ಬಹಳ ಮುಖ್ಯ, ಆ ಕೆಲಸ ಚೆನ್ನಾಗೇ ಮಾಡ್ತಿದಾರೆ. "ಇದರಲ್ಲಿ ಪೆಟ್ರೋಲ್ ಇದ್ರೆ ಗೊತ್ತಾಗುತ್ತಾ ಅಕ್ಕ?" ಅಂದೆ. ಆ ಅಕ್ಕ ಕಿಟ್ಟಿನ ಡಬ್ಬಿ ತಿರುಗಿಸಿ, ಮುಚ್ಚಳದ ಒಳಗೆ ಅಂಟಿಸಿದ್ದ ಪಟ್ಟಿ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿದ್ರು. "ಇಲ್ಲಪ್ಪ, ಇದರಲ್ಲಿ ಅದು ಬರಲ್ಲ" ಅಂದ್ರು.

ಕೊನೆಗೆ ಬೆಂಗಳೂರಲ್ಲಿ ಒಂದು ಪ್ರೈವೇಟ್ ಲ್ಯಾಬ್ ಹುಡುಕಿದೆ. ಬಿಸ್ಲೇರಿ ಬಾಟಲಲ್ಲಿ ಹಿಡ್ಕೊಂಡು ಬಂದ್ರೆ ತಗೊಳ್ಳಲ್ಲ ಅಂದ್ರು, ಬೆಂಜೀನ್ ಗಾಳಿಗೆ ಹಾರಿಹೋಗುತ್ತೆ, ಪ್ಲಾಸ್ಟಿಕ್ಕೂ ಆಗಲ್ಲ. ಬೆರಳುದ್ದದ ಕಂದು ಗಾಜಿನ ಸೀಸೆಗಳನ್ನ ಅವರೇ ಕೊಟ್ರು. ಚಿಕ್ಕಮ್ಮ ಮೋಟರ್ ಹಾಕಿ ಹದಿನೈದು ನಿಮಿಷ ನೀರು ಹೊರಗೆ ಬಿಟ್ರು, ಪೈಪಲ್ಲಿ ನಿಂತಿದ್ದು ಹೋಗ್ಲಿ ಅಂತ. ಆಮೇಲೆ ವಾಲ್ವ್ ಸಣ್ಣಗೆ ಮಾಡಿ, ಸೀಸೆ ಓರೆ ಹಿಡಿದು, ಗೋಡೆಗೆ ತಾಗಿಸಿ ನಿಧಾನಕ್ಕೆ ತುಂಬಬೇಕು, ಬಾಯಿ ಮೇಲೆ ನೀರು ಉಬ್ಬಿ ನಿಲ್ಲೋವರೆಗೂ, ಆಗ ಮುಚ್ಚಳ ತಿರುಗಿಸಬೇಕು, ತಲೆಕೆಳಗೆ ಮಾಡಿದ್ರೆ ಒಂದೇ ಒಂದು ಗುಳ್ಳೆ ಕಾಣಬಾರದು. ಮೊದಲ ಎರಡು ಸಲ ನನ್ನ ಕೈ ನಡುಗಿ ಗುಳ್ಳೆ ಬಂತು. ಮೂರನೇ ಸಲ ಚಿಕ್ಕಮ್ಮ "ಕೊಡು ಇಲ್ಲಿ" ಅಂತ ಇಸ್ಕೊಂಡು ತುಂಬಿದ್ರು, ಬೆಳಕಿಗೆ ಹಿಡಿದು ನೋಡಿದ್ರೆ ಸೀಸೆ ಒಳಗೆ ನೀರು ಬಿಟ್ಟು ಏನೂ ಇಲ್ಲ, ಗುಳ್ಳೇನೂ ಇಲ್ಲ. ಚಾಕಿ ಹುಳನ, ಅಂದ್ರೆ ರೇಷ್ಮೆಯ ಮರಿ ಹುಳನ, ಗರಿಯಲ್ಲಿ ಎತ್ತಿ ಎತ್ತಿ ಅಭ್ಯಾಸ ಇರೋ ಕೈ ಅದು. ಐಸ್ ತುಂಬಿದ ಡಬ್ಬೀಲಿಟ್ಟು ಅವತ್ತೇ ಬೈಕಲ್ಲಿ ತಂದು ಕೊಟ್ಟೆ.

ಖರ್ಚು ಸಾವಿರಗಳ ಲೆಕ್ಕ. ಒಂದು ಸಲಕ್ಕೆ ನಾನು ಕೊಡಬಲ್ಲೆ, ಹಾಲು ಹಾಕಿ ಬದುಕೋ ಮನೆಯವರು ಕೊಡೋಕಾಗಲ್ಲ, ಕೊಡಬೇಕಾದ್ದೂ ಅಲ್ಲ. ಟರ್ಮಿನಲ್ ಸುತ್ತ ನಾಲ್ಕೂ ದಿಕ್ಕಿಗೆ ಊರಿನ ಕೆಲವು ಬೋರ್‌ವೆಲ್ ಗುರುತು ಮಾಡಿ, ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಂದು ಆಮೇಲೆ ಒಂದು, ಬೆಂಜೀನ್ ಮತ್ತು ಅದರ ಜೊತೆಯವನ್ನೆಲ್ಲ ಟೆಸ್ಟ್ ಮಾಡಿಸಿ, ಬಂದ ಅಂಕಿಯನ್ನ ಪಂಚಾಯ್ತಿ ಬೋರ್ಡ್ ಮೇಲೆ ಕನ್ನಡದಲ್ಲಿ ಬರೀಬೇಕು, ಹಾಲಿನ ಡೈರಿಯಲ್ಲಿ ಫ್ಯಾಟ್ ರೇಟ್ ಬರೆದು ಹಾಕ್ತಾರಲ್ಲ ಹಾಗೆ. ಕಾಂಪೌಂಡ್ ಒಳಗೆ ತೆಗೆದ ಸ್ಯಾಂಪಲ್ಲಿನ ಅಂಕಿ ಯಾವ ಫೈಲಲ್ಲಿ ಇದ್ರೂ ಊರಿಗೆ ಬರದೇ ಇದ್ರೆ ಚಿಕ್ಕಮ್ಮಂಗೆ ಅದರಿಂದ ಉಪಯೋಗ ಇಲ್ಲ. ಈ ಅರ್ಜಿ ಮುಂದಿನ ಗ್ರಾಮಸಭೆಗೆ ಬರೆದಿಟ್ಟಿದೀನಿ, ಚಿಕ್ಕಪ್ಪ ಸಹಿ ಹಾಕ್ತೀನಿ ಅಂದಿದಾರೆ. ಟ್ಯಾಂಕರ್ ಓಡಿಸೋ ಮನುಷ್ಯ ಸಹಿ ಹಾಕೋದು ಅಂದ್ರೆ ಸಣ್ಣ ವಿಷಯ ಅಲ್ಲ, ನಾನೇ ಎರಡು ಸಲ ಯೋಚನೆ ಮಾಡಿ ಅಂದೆ, "ನೀರು ನಾನೂ ಕುಡಿಯೋದೇ ಅಲ್ವೇನೋ" ಅಂದ್ರು.

ರಿಪೋರ್ಟ್ ಹತ್ತು ದಿನಕ್ಕೆ ಬಂತು. ಬೆಂಜೀನ್ ಅಂತ ಇರೋ ಸಾಲಲ್ಲಿ ಬಿ.ಡಿ.ಎಲ್ ಅಂತ ಮೂರಕ್ಷರ, ಅವರ ಮೆಷಿನ್ನಿಗೆ ಸಿಗೋಷ್ಟೂ ಇಲ್ಲ ಅಂತ ಅರ್ಥ. ನಾನು ಊರಿಗೆ ತಗೊಂಡು ಹೋಗಿ ಓದಿ ಹೇಳ್ದೆ.

"ಅಂದ್ರೆ ನಮ್ಮ ನೀರು ಚೆನ್ನಾಗಿದೆ ಅಂತಾನೇನೋ?" ಅಂದ್ರು ಚಿಕ್ಕಮ್ಮ.

"ಸೀಸೆ ತುಂಬಿದ ದಿನಕ್ಕೆ ಚೆನ್ನಾಗಿದೆ ಚಿಕ್ಕಮ್ಮ. ಮುಂದೆ ಯಾವತ್ತಾದ್ರೂ ಹೆಚ್ಚುಕಮ್ಮಿ ಆದ್ರೆ, ಮುಂಚೆ ಹೀಗಿರಲಿಲ್ಲ ಅಂತ ತೋರಿಸೋಕೆ ಈ ಹಾಳೆ ಬೇಕು."

ಅವರು ಸೀರೆಗೆ ಕೈ ಒರೆಸ್ಕೊಂಡು ಹಾಳೆ ಇಸ್ಕೊಂಡ್ರು, ಬೀರು ತೆಗೆದ್ರು, ಪಹಣಿ, ಬೋರ್ ಕೊರೆಸಿದ ಬಿಲ್ಲು, ಗೂಡಿನ ಮಾರ್ಕೆಟ್ ಚೀಟಿ ಎಲ್ಲ ಇಟ್ಟಿರೋ ಪ್ಲಾಸ್ಟಿಕ್ ಕವರ್ ಒಳಗೆ ಸೇರಿಸಿದ್ರು. ಆಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ಹಾಳೆ ಎತ್ತಿ ಎತ್ತಿ ದೀಪಾವಳಿ ತಿಂಗಳಿಗೆ ಬಂದು, "ಮಳೆ ನಿಂತಿರುತ್ತೆ, ಆ ಬೆಳೆ ಗೂಡೂ ಇಳಿಸಿರ್ತೀವಿ, ಆ ಗಾಜಿನ ಸೀಸೆ ಆಗ ತಗೊಂಡ್ಬಾ" ಅಂತ ಪೆನ್ನು ಕೇಳಿದ್ರು.